ಗೋದಾಮಿನಲ್ಲಿ ಪಾಯಿಂಟ್ ಬೋರ್ಡ್ ಹಾಕಿದರೆ ಕೆಲಸ ಚುರುಕಾಗುತ್ತಾ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮದು ಭತ್ತ, ಅಕ್ಕಿ ಗೋದಾಮು. ಲೋಡಿಂಗ್ ಹುಡುಗರಿಗೆ ಉತ್ಸಾಹವೇ ಇಲ್ಲ. ಮೊಬೈಲ್ ಗೇಮಿನ ಹಾಗೆ ಪಾಯಿಂಟ್ ಕೊಟ್ಟು, ಯಾರು ಫಸ್ಟ್ ಅಂತ ಗೋಡೆ ಮೇಲಿನ ಟಿವಿಯಲ್ಲಿ ತೋರಿಸಿದರೆ ಹೇಗೆ?

ಉತ್ತರ: ಸಿಂಧನೂರಿನವರೂ ಇದನ್ನೇ ಕೇಳುತ್ತಾರೆ, ಬಳ್ಳಾರಿ ಜೀನ್ಸ್ ಯೂನಿಟ್‌ನವರೂ ಇದನ್ನೇ ಕೇಳುತ್ತಾರೆ. ಕೇಳುವ ಹೊತ್ತಿಗೆ ಟಿವಿ ಎಷ್ಟು ಇಂಚಿನದು ಅಂತ ಆಗಲೇ ನೋಡಿಟ್ಟಿರುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಆಟದ ಕೆಲವು ಅಂಶಗಳು ಗೋದಾಮಿನಲ್ಲಿ ಉಪಯೋಗಕ್ಕೆ ಬರುತ್ತವೆ. ರ‍್ಯಾಂಕ್ ಪಟ್ಟಿ ಬರುವುದಿಲ್ಲ.

‘ಪೈಪೋಟಿ ಹಚ್ಚಿದರೆ ಎಲ್ಲರೂ ಓಡುತ್ತಾರೆ’ ಅನ್ನುವ ನಂಬಿಕೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಿಮ್ಮ ಗೋದಾಮಿನಲ್ಲೇ ನಿಂತು ನೋಡಿ. ಲಾರಿಯಿಂದ ಇಬ್ಬರು ಚೀಲ ಎತ್ತಿ ಕೊಡುತ್ತಾರೆ. ನಾಲ್ಕು ಜನ ಹೊತ್ತು ನಡೆಯುತ್ತಾರೆ. ಒಳಗೆ ಒಬ್ಬ ಅನುಭವಿ ನಿಂತು ನಿಟ್ಟು ಹಚ್ಚುತ್ತಾನೆ, ಅಂದರೆ ಚೀಲಗಳನ್ನು ಒಂದರ ಮೇಲೊಂದು ಜೋಡಿಸುತ್ತಾನೆ. ಒಂದು ಸಾಲು ಉದ್ದ, ಮೇಲಿನದು ಅಡ್ಡ. ಇಲ್ಲದಿದ್ದರೆ ನಿಟ್ಟು ವಾಲುತ್ತದೆ. ಹೊತ್ತವನಿಗೆ ಚೀಲಕ್ಕೊಂದು ಪಾಯಿಂಟ್ ಕೊಟ್ಟಿರಿ, ಸರಿ. ಎತ್ತಿ ಕೊಟ್ಟವನಿಗೆ? ಇಡೀ ನಿಟ್ಟು ಬೀಳದಂತೆ ನೋಡಿಕೊಂಡವನಿಗೆ? ಅವನದು ಸೊನ್ನೆ, ಅಲ್ವಾ? ಹಮಾಲರ ತಂಡದಲ್ಲಿ ಚೀಲದ ಲೆಕ್ಕದಲ್ಲಿ ಬಂದ ಕೂಲಿಯನ್ನು ಹಂಚಿಕೊಳ್ಳುವ ರೂಢಿ ಇರುವುದೇ ಇದಕ್ಕೆ. ಆ ಲೆಕ್ಕ ನಿಮ್ಮ ಟಿವಿಗಿಂತ ಜಾಣತನದ್ದು.

ಇನ್ನೊಂದು ತೊಂದರೆ ಇದೆ. ಅಕ್ಕಿಯ 26 ಕೆ.ಜಿ. ಚೀಲಕ್ಕೂ ಭತ್ತದ 75 ಕೆ.ಜಿ. ಚೀಲಕ್ಕೂ ಒಂದೇ ಪಾಯಿಂಟ್ ಇಟ್ಟರೆ ಭತ್ತದ ಲಾರಿ ಬಂದಾಗ ಹುಡುಗರೆಲ್ಲ ಚಹಾಕ್ಕೆ ಹೋಗಿರುತ್ತಾರೆ. ತೂಕ ನೋಡಿ ಪಾಯಿಂಟ್ ಇಟ್ಟರೂ ಅಷ್ಟೇ. ಚೀಲ ಎಸೆಯುತ್ತಾರೆ, ಕೊಕ್ಕೆ ಜೋರಾಗಿ ಹಾಕುತ್ತಾರೆ, ಚೀಲ ಹರಿದು ಅಕ್ಕಿ ಸೋರುತ್ತದೆ. ಏನನ್ನು ಎಣಿಸುತ್ತೀರೋ ಅದು ಮಾತ್ರ ಜಾಸ್ತಿಯಾಗುತ್ತದೆ. ಎಣಿಸದೆ ಬಿಟ್ಟದ್ದು ಹಾಳಾಗುತ್ತದೆ.

ಮತ್ತೆ, ಮೊದಲ ವಾರ ಗೆಲ್ಲುವವರು ಯಾರು? ಮೊದಲಿನಿಂದಲೂ ಚುರುಕಾಗಿದ್ದ ಅದೇ ಇಬ್ಬರು. ಎರಡನೇ ವಾರವೂ ಅವರೇ. ಮೂರನೇ ವಾರಕ್ಕೆ ಉಳಿದವರು ಬೋರ್ಡ್ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ಕೊನೆಯಲ್ಲಿ ಹೆಸರು ಇರುವವನಿಗೆ ದಿನವಿಡೀ ಅವಮಾನ.

‘ಅಮೆರಿಕದಲ್ಲಿ ನಡೆಯುತ್ತಲ್ಲ’ ಅನ್ನುವವರಿಗೂ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಹೋಟೆಲುಗಳ ಲಾಂಡ್ರಿಯಲ್ಲಿ ಕೆಲಸಗಾರರ ಹೆಸರು, ವೇಗ ಎಲ್ಲ ಪರದೆ ಮೇಲೆ ಬರುತ್ತಿತ್ತು. ಅವರು ಅದನ್ನು ‘ಎಲೆಕ್ಟ್ರಾನಿಕ್ ಚಾಟಿ’ ಎಂದು ಕರೆದರು. ಹಿಂದೆ ಬೀಳುವ ಭಯಕ್ಕೆ ಕೆಲವರು ಶೌಚಾಲಯಕ್ಕೂ ಹೋಗುತ್ತಿರಲಿಲ್ಲ ಎಂದು 2011ರಲ್ಲಿ ಪತ್ರಿಕೆಯಲ್ಲಿ ಬಂತು. ಅಮೆಜಾನ್ ತನ್ನ ಗೋದಾಮುಗಳಲ್ಲಿ ಕಾರ್ ರೇಸ್, ಡ್ರ್ಯಾಗನ್‌ಗಳಂಥ ಆಟ ಇಟ್ಟದ್ದು 2019ರಲ್ಲಿ ಸುದ್ದಿಯಾಯಿತು. ಅಲ್ಲಿ ಆಡುವುದು, ಬಿಡುವುದು ಕೆಲಸಗಾರನ ಇಷ್ಟ. ನೀವು ಆ ‘ಇಷ್ಟ’ವನ್ನು ಬಿಟ್ಟು ಬರೀ ಪರದೆ ತರುತ್ತೀರಿ.

ಬಹುಮಾನದ್ದೂ ಇದೇ ಕತೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಮೊದಲೇ ಹೇಳಿ ಪ್ರಶಸ್ತಿ ಪತ್ರ ಕೊಟ್ಟರು. ಆಮೇಲೆ ಬಿಡುವಿನಲ್ಲಿ ಅವರು ಚಿತ್ರ ಬಿಡಿಸುವ ಸಮಯ ಉಳಿದ ಮಕ್ಕಳ ಅರ್ಧಕ್ಕೆ ಇಳಿಯಿತು. ಹೇಳದೆ ಕೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗೆ ಆಗಲಿಲ್ಲ. ಚೀಲ ಹೊರುವುದು ಯಾರಿಗೂ ಹವ್ಯಾಸವಲ್ಲ, ಒಪ್ಪುತ್ತೇನೆ. ಆದರೆ ನಿಟ್ಟು ಹಚ್ಚುವವನಿಗೆ ತನ್ನ ಕೈಚಳಕದ ಬಗ್ಗೆ ಹೆಮ್ಮೆ ಇರುತ್ತದೆ. ಅದನ್ನು ಕೂಪನ್‌ಗೆ ಇಳಿಸಬೇಡಿ.

ಹಾಗಾದರೆ ಏನು ಮಾಡಬಹುದು? ಗುರಿ ಇಡೀ ತಂಡಕ್ಕೆ ಇರಲಿ. ಹೋಲಿಕೆ ಬೇಕಿದ್ದರೆ ಹಿಂದಿನ ವಾರದ ಇದೇ ತಂಡದ ಜೊತೆ ಇರಲಿ. ವೇಗ ಬಿಟ್ಟು ತಪ್ಪು ಎಣಿಸಿ. ಜೀನ್ಸ್ ಪ್ಯಾಕಿಂಗ್‌ನಲ್ಲಿ ಇದು ಚೆನ್ನಾಗಿ ಕೂರುತ್ತದೆ. 32ರ ಬಂಡಲ್‌ನಲ್ಲಿ 34ರ ಪ್ಯಾಂಟ್ ಸೇರಿದ್ದಕ್ಕೆ ಈ ವಾರ ಎಷ್ಟು ಬಂಡಲ್ ವಾಪಸ್ ಬಂತು ಅಂತ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಸಾಕು. ಸಂಖ್ಯೆ ಇಳಿದರೆ ಎಲ್ಲರಿಗೂ ಮಿರ್ಚಿ, ಮಂಡಕ್ಕಿ. ಆಟದ ನಿಯಮ ಮಾಡುವಾಗ ಹುಡುಗರನ್ನೂ ಕೂರಿಸಿಕೊಳ್ಳಿ. ಯಾವ ಕಾರಣಕ್ಕೂ ಕೂಲಿಗೆ ಕೈ ಹಾಕಬೇಡಿ. ಹಾಗೆಯೇ ‘ಅಪಘಾತವಿಲ್ಲದ ದಿನಗಳಿಗೆ’ ಬಹುಮಾನ ಇಡಲೇಬೇಡಿ. ಬಹುಮಾನ ತಪ್ಪುತ್ತದೆ ಅಂತ ಪೆಟ್ಟಾದದ್ದನ್ನೇ ಮುಚ್ಚಿಡುತ್ತಾರೆ.

ನೀವು ಕೇಳದ ಒಂದು ವಿಷಯಕ್ಕೂ ಬರುತ್ತೇನೆ. ಉತ್ಸಾಹ ಇಲ್ಲ ಅಂದಿರಿ. ಒಬ್ಬ ಗಂಡಸು ಹೊರುವ ಭಾರ 55 ಕೆ.ಜಿ.ಗಿಂತ ಹೆಚ್ಚಿದ್ದರೆ ಬೇಗ ಇಳಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಭತ್ತದ ಚೀಲ ಅದಕ್ಕಿಂತ 20 ಕೆ.ಜಿ. ಜಾಸ್ತಿ. ಮಾರುಕಟ್ಟೆಯ ದರವೇ ಚೀಲದ ಲೆಕ್ಕದಲ್ಲಿ ನಡೆಯುವುದರಿಂದ ನೀವೊಬ್ಬರೇ ಅದನ್ನು ಬದಲಿಸಲು ಆಗುವುದಿಲ್ಲ, ಗೊತ್ತು. ಆದರೆ ಲಾರಿಯ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿಸಬಹುದು. ಚೀಲ ಮೇಲೇರಿಸುವ ಬೆಲ್ಟ್ ಬಾಡಿಗೆಗೆ ತರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಲೋಡಿಂಗ್ ನಿಲ್ಲಿಸಿ, ಬೆಳಗಿನ ಜಾವ ಮತ್ತು ಸಂಜೆಗೆ ಹಾಕಬಹುದು. ತಗಡಿನ ಚಾವಣಿ ಕೆಳಗೆ ನೀವೇ ಒಂದು ಮಧ್ಯಾಹ್ನ ಸುಮ್ನೆ ನಿಂತು ನೋಡಿ, ಆಮೇಲೆ ಪಾಯಿಂಟ್ ಬಗ್ಗೆ ಬರೆಯಿರಿ.