ಕೆರೆಯ ಹೂಳು ಎತ್ತುವಾಗ ಮೀನಿಗೆ ಏನಾಗುತ್ತದೆ?

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳು ಎತ್ತಲೇಬೇಕು. ದಶಕಗಟ್ಟಲೆ ಊರಿನ ಕೊಳಚೆ ಬಂದು ಸೇರಿದ ಕೆರೆಗಳವು. 2017ರಲ್ಲಿ, ಮತ್ತೆ 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದದ್ದು ಎಲ್ಲರಿಗೂ ನೆನಪಿದೆ. ಆದರೆ ಹೂಳನ್ನು ಹೇಗೆ ಎತ್ತುತ್ತೇವೆ ಅನ್ನುವುದರ ಮೇಲೆ ನೀರಿನ ಜೀವಗಳ ಅಳಿವು ಉಳಿವು ನಿಂತಿದೆ.

ಕೆರೆಯ ತಳದ ಕಪ್ಪು ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಸಲ್ಫೈಡ್ ಉಂಟುಮಾಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದ್ದೇ. ಈ ಸಲ್ಫೈಡಿನಿಂದ ಒಂದು ಉಪಕಾರವೂ ಇದೆ. ಕೊಳಚೆಯ ಜೊತೆ ಬಂದ ಕ್ಯಾಡ್ಮಿಯಂ, ಸೀಸ, ತಾಮ್ರ, ಸತುವನ್ನು ಅದು ನೀರಿನಲ್ಲಿ ಕರಗದ ಹಾಗೆ ಹಿಡಿದಿಡುತ್ತದೆ. ಸುಮ್ನೆ ಬಿಟ್ಟರೆ ಆ ವಿಷ ಬಹುಪಾಲು ಅಲ್ಲೇ ಕೂತಿರುತ್ತದೆ.

ನೀರು ತುಂಬಿರುವಾಗಲೇ ಯಂತ್ರ ಇಳಿಸಿ ಕೆಸರು ಕದಡಿದರೆ ಕಥೆ ಬೇರೆ. ಸಲ್ಫೈಡ್ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಲೋಹಗಳ ಒಂದು ಪಾಲು ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಕೆಸರಿನಲ್ಲಿದ್ದ ಅಮೋನಿಯಾ ಬೇರೆ. ಮೀನಿಗೆ ಉಸಿರಾಟವೇ ಕಷ್ಟವಾದ ಹೊತ್ತಿನಲ್ಲಿ ನುಣ್ಣನೆಯ ಮಣ್ಣು ಕಿವಿರುಗಳಿಗೆ ಮೆತ್ತಿಕೊಳ್ಳುತ್ತದೆ. ತಳದಲ್ಲಿಟ್ಟ ಮೊಟ್ಟೆಗಳ ಮೇಲೂ ಅದೇ ಮಣ್ಣು ಕೂರುತ್ತದೆ. ಬಿಸಿಲು ಒಳಗಿಳಿಯದೆ ನೀರೊಳಗಿನ ಗಿಡಗಳು ಸೊರಗುತ್ತವೆ.

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕೆರೆ ಖಾಲಿ ಮಾಡಿ, ಕೆಸರು ಒಣಗಿಸಿ, ಹಿಟಾಚಿಯಲ್ಲಿ ಬಾಚಿ ಟಿಪ್ಪರಿಗೆ ತುಂಬುತ್ತಾರೆ. ನೀರಲ್ಲೇ ಕದಡುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಒಣಗುವ ಕೆಸರಿಗೂ ಗಾಳಿ ತಾಗುತ್ತದೆ ಅಲ್ವಾ? ಅಲ್ಲೂ ಲೋಹಗಳ ಕಟ್ಟು ಸಡಿಲವಾಗುತ್ತದೆ. ದಡದಲ್ಲೇ ಗುಡ್ಡೆ ಹಾಕಿ ಬಿಟ್ಟರೆ ಮಳೆಗೆ ವಾಪಸ್ ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಹರಿಯುತ್ತದೆ. ಹಿಂದೆ ರೈತರು ಬೇಸಿಗೆಯಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಕೊಳಚೆ ಕುಡಿದ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ಹಾಗೆ ಹಾಕುವಂತಿಲ್ಲ.

ನನಗೆ ಜಾಸ್ತಿ ಬೇಸರವಾಗುವುದು ಇನ್ನೊಂದು ವಿಷಯಕ್ಕೆ. ಕೆಸರಿನಲ್ಲಿ ಸಣ್ಣ ಕೆಂಪು ಹುಳುಗಳಿರುತ್ತವೆ. ಒಂದು ಜಾತಿಯ ನೊಣದ ಮರಿಗಳು ಅವು. ನಮ್ಮ ರಕ್ತದ ಹಾಗೆ ಅವುಗಳಲ್ಲೂ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆಮ್ಲಜನಕ ತೀರಾ ಕಡಿಮೆ ಇದ್ದರೂ ಬದುಕುತ್ತವೆ. ಮೀನಿಗೂ ಹಕ್ಕಿಗೂ ಅವು ಊಟ. ಇಡೀ ತಳವನ್ನು ಒಂದೇ ಸಲ ಕೆರೆದು ತೆಗೆದರೆ ಈ ಊಟವೂ ಟಿಪ್ಪರ್ ಹತ್ತುತ್ತದೆ. ನೊಣಗಳು ಹಾರಿ ಬಂದು ಮತ್ತೆ ಮೊಟ್ಟೆ ಇಟ್ಟಾವು. ಬಸವನಹುಳು, ಕಪ್ಪೆಚಿಪ್ಪಿನ ಜೀವಿಗಳಿಗೆ ಆ ದಾರಿ ಇಲ್ಲ. ಅಂಚಿನವರೆಗೂ ಕಡಿದಾಗಿ ಅಗೆದರೆ ಮೀನು ಮೊಟ್ಟೆ ಇಡುವ ಜೊಂಡಿನ ಜಾಗವೂ ಹೋಗುತ್ತದೆ.

ಕೆರೆಯ ಒಂದು ಭಾಗ ಮುಟ್ಟದೆ, ಉಳಿದದ್ದನ್ನು ಹಂತ ಹಂತವಾಗಿ ಅಗೆಯಬಹುದು. ಅಂಚನ್ನು ಇಳಿಜಾರಾಗಿ ಬಿಡಬಹುದು. ಇವೆರಡೂ ಟೆಂಡರಿನಲ್ಲೇ ಬರಬೇಕು. ಹೂಳಿನ ಪರೀಕ್ಷೆಯಂತೂ ಹಿಟಾಚಿ ಇಳಿಯುವ ಮುಂಚೆಯೇ ಮುಗಿದಿರಬೇಕು.