ಅಚ್ಚು ಒಂದೇ, ಬಣ್ಣ ದೇಶಕ್ಕೊಂದು

ಬೆಳಗಾವಿಯ ಉದ್ಯಮಬಾಗದಲ್ಲಿ ದುಡಿದವರಿಗೆ ಈ ಲೆಕ್ಕ ಹೊಸದಲ್ಲ: ದುಡ್ಡು ಹೋಗುವುದೆಲ್ಲ ಉಕ್ಕಿನ ಡೈ, ಅಂದರೆ ಅಚ್ಚು, ಮಾಡಿಸಲಿಕ್ಕೆ, ಡೈ ಕೈಗೆ ಬಂದ ಮೇಲೆ ಮಾಲು ತೆಗೆಯುವುದು ಸಲೀಸು. 1980ರ ದಶಕದ ರೂಪ ಬದಲಿಸುವ ರೋಬೋ ಆಟಿಕೆಗಳು ಒಂದೊಂದು ದೇಶದಲ್ಲಿ ಒಂದೊಂದು ಬಣ್ಣ ತಾಳಿದ್ದರ ಗುಟ್ಟೂ ಇದೇ.

ಇವು ಹುಟ್ಟಿದ್ದು ಜಪಾನಿನಲ್ಲಿ. ತಕಾರಾ ಕಂಪನಿಯ ಡಯಾಕ್ಲೋನ್ ಸರಣಿ ಬಂದದ್ದು 1980ರಲ್ಲಿ, ಅದೇ ಕಂಪನಿಯ ಮೈಕ್ರೋಮ್ಯಾನ್ ಆಟಿಕೆ ಬಳಗದ ಮೈಕ್ರೋ ಚೇಂಜ್ 1983ರಲ್ಲಿ. ಎರಡರಿಂದಲೂ ಆರಿಸಿದ ಮಾಲನ್ನು ಅಮೆರಿಕದ ಹಾಸ್ಬ್ರೊ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಲ್ಲಿ ಮಾರಾಟಕ್ಕಿಟ್ಟಿತು. ಮೊದಲ ವ್ಯತ್ಯಾಸ ಅಲ್ಲಿಯೇ ಶುರು. ಜಪಾನಿನ ಆಟಿಕೆಯ ಕ್ಷಿಪಣಿ ಸ್ಪ್ರಿಂಗ್ ಒತ್ತಿದರೆ ದೂರ ಚಿಮ್ಮುತ್ತದೆ. ಮಕ್ಕಳ ಸುರಕ್ಷತೆಗಾಗಿ ಅಮೆರಿಕದ ಮಾಲಿನಲ್ಲಿ ಅದೇ ಸ್ಪ್ರಿಂಗ್ ದುರ್ಬಲ.

ಲ್ಯಾಟಿನ್ ಅಮೆರಿಕದ ಕಥೆ ಇನ್ನೂ ಸ್ವಾರಸ್ಯದ್ದು. ಆಗ ಬ್ರೆಜಿಲ್‌ನಲ್ಲಿ ಆಮದಿಗೆ ಬಿಗಿ ನಿರ್ಬಂಧವಿತ್ತು. ತಯಾರಾದ ಆಟಿಕೆ ಒಳಗೆ ಬರುವುದು ಕಷ್ಟ, ಪರವಾನಗಿ ಪಡೆದು ಅಲ್ಲೇ ತಯಾರಿಸಲಿಕ್ಕೆ ಅಡ್ಡಿಯಿಲ್ಲ. ಎಸ್ಟ್ರೆಲಾ ಕಂಪನಿ ಮಾಡಿದ್ದು ಅದನ್ನೇ. ಅದು ಆಟಿಕೆಗಳ ಹಿಂದಿನ ರೋಬೋ ಕಾಳಗದ ಕಥೆಯನ್ನೂ ಬದಲಿಸಿ, ಆಪ್ಟಿಮಸ್ ಮತ್ತು ಮಾಲಿಗ್ನಸ್ ಎಂದು ಎರಡು ಪಕ್ಷ ಕಟ್ಟಿತು. ಒಂದೇ ಅಚ್ಚಿನ ಪುಟ್ಟ ಕಾರು ಬೇರೆ ಬಣ್ಣ ತೊಟ್ಟು ಎದುರಾಳಿ ಪಕ್ಷಕ್ಕೂ ಸೇರಿತು. ಅರ್ಜೆಂಟೀನಾದ ಆಂಟೆಕ್ಸ್, ಪೆರುವಿನ ಲಿನ್ಸಾ, ಮೆಕ್ಸಿಕೋದ ಪ್ಲಾಸ್ಟಿಕೋಸ್ ಇಗಾ ಕೂಡ ಇಂಥ ಸಣ್ಣ ಮಾಲನ್ನೇ ತಯಾರಿಸಿದವು. ಸಣ್ಣದೇ ಯಾಕೆಂದರೆ ಬಿಡಿಭಾಗ ಕಡಿಮೆ, ಜೋಡಣೆ ಸುಲಭ. ಇವನ್ನು ನಕಲಿ ಎಂದು ಬದಿಗಿಡುವುದು ದೊಡ್ಡ ತಪ್ಪು.

ನಮ್ಮಲ್ಲೂ ಇಂಥದ್ದೇ ನಡೆದಿದೆ, ಅದೂ ಚೋರ್ಲಾ ಘಾಟ್ ಇಳಿದರೆ ಸಿಗುವ ಗೋವಾದಲ್ಲಿ. ಎಂಆರ್‌ಎಫ್ ಮತ್ತು ಹಾಸ್ಬ್ರೊ ಸೇರಿ ಕಟ್ಟಿದ ಫನ್‌ಸ್ಕೂಲ್ ತಯಾರಿಸಿದ ಜಿ.ಐ. ಜೋ ಎಂಬ ಸೈನಿಕ ಗೊಂಬೆಗಳ ವಿಚಿತ್ರ ಬಣ್ಣಗಳನ್ನು ಇವತ್ತಿಗೂ ಹೊರದೇಶದ ಸಂಗ್ರಾಹಕರು ಹುಡುಕುತ್ತಾರೆ.

ಹಳೆ ಮಾಲು ಕೈಗೆ ಸಿಕ್ಕಾಗ ಬಣ್ಣ ನೋಡಿ ದೇಶ ಹೇಳಬೇಡಿ. ಬಂಬಲ್‌ಬೀ ಎಂಬ ಪುಟ್ಟ ಕಾರನ್ನು ಹಾಸ್ಬ್ರೊ ತಾನೇ ಹಳದಿಯಲ್ಲೂ ಕೆಂಪಿನಲ್ಲೂ ಮಾರಿದೆ. ಮೈಮೇಲೆ ಕೊರೆದ ಇಸವಿಯೂ ದಾರಿ ತಪ್ಪಿಸುತ್ತದೆ: ಮೈಕ್ರೋ ಚೇಂಜ್ ಮೂಲದವುಗಳ ಮೇಲೆ ಕಾಣುವ 1974 ಮೈಕ್ರೋಮ್ಯಾನ್ ಹುಟ್ಟಿದ ವರ್ಷ, ಆಟಿಕೆ ತಯಾರಾದ ವರ್ಷವಲ್ಲ. ನೋಡಬೇಕಾದದ್ದು ಕಂಪನಿಯ ಹೆಸರಿನ ಅಚ್ಚು, ಆಟಿಕೆ ಅಂಟಿಸಿ ಮಾರುವ ಕಾರ್ಡಿನ ಭಾಷೆ, ಅಕ್ಷರದ ಅಂಚಿನ ಚೂಪು. ಆಟಿಕೆಯಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಮೊಂಡಾಗಿರುತ್ತದೆ, ಅಳತೆಯೂ ಕೂದಲೆಳೆಯಷ್ಟು ಕಡಿಮೆ. ಪ್ಲಾಸ್ಟಿಕ್ ಆರುವಾಗ ಕುಗ್ಗುವುದೇ ಕಾರಣ.

ನಕಲಿ ತಡೆಯಲು ಹಾಸ್ಬ್ರೊ 1985ರಿಂದ ಶಾಖಕ್ಕೆ ಬಣ್ಣ ಬದಲಿಸುವ ಚಿಕ್ಕ ಚೌಕ ಸ್ಟಿಕರ್ ಅಂಟಿಸಿತು. ಹೆಬ್ಬೆರಳಿನಿಂದ ಉಜ್ಜಿದರೆ ಪಕ್ಷದ ಲಾಂಛನ ಮೂಡುತ್ತದೆ. ವಿಜಯಪುರದ ಮೇ ತಿಂಗಳ ಮಧ್ಯಾಹ್ನದಲ್ಲಿ ಉಜ್ಜದೆಯೂ ಮೂಡೀತು, ತಂಪು ಹೊತ್ತಿನಲ್ಲಿ ಪರೀಕ್ಷಿಸಿ. 1984ರ ಮಾಲಿಗೆ ಈ ಸ್ಟಿಕರ್ ಇರಲೇ ಇಲ್ಲ, ಹಾಗಾಗಿ ಇಲ್ಲವೆಂದ ಮಾತ್ರಕ್ಕೆ ನಕಲಿಯಲ್ಲ.

ಬೆಳಗಾವಿಯ ಮಳೆಗಾಲ ಇವಕ್ಕೆ ಶತ್ರು. ಕೀಲಿನ ಉಕ್ಕಿನ ಪಿನ್ನು ತುಕ್ಕು ಹಿಡಿದು ಉಬ್ಬುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಸೀಳುತ್ತದೆ. ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಚೀಟಿಗಳನ್ನು ಹಾಕಿಡಿ. ಕೀಲು ಬಿಗಿಯಾಗಿದೆಯೆಂದು ಮಷಿನ್ ಎಣ್ಣೆ ಬಿಡಬೇಡಿ, ಪೆಟ್ರೋಲಿಯಂ ಎಣ್ಣೆ ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ತರುತ್ತದೆ. ಸ್ಕ್ರೂ ತಿರುಗಿ ಹಾಕುವಾಗ ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿ, ರಂಧ್ರದೊಳಗಿನ ಹಳೆ ಸುರುಳಿ ಗೀರಿನಲ್ಲಿ ಟಕ್ ಎಂದು ಕೂತ ಮೇಲೆ ಬಲಕ್ಕೆ ಬಿಗಿ ಮಾಡಿ; ಇಲ್ಲದಿದ್ದರೆ ಹೊಸ ಗೀರು ಕೊರೆದು ರಂಧ್ರ ಸಡಿಲವಾಗುತ್ತದೆ. ಚಿನ್ನದ ಬಣ್ಣದ ಪುಡಿ ಸುಳಿಸುಳಿಯಾಗಿ ಕಾಣುವ ಪ್ಲಾಸ್ಟಿಕ್ ಇದ್ದರೆ ಕೀಲನ್ನು ಮುಟ್ಟಲೇಬೇಡಿ. ಅದು ವರ್ಷ ಕಳೆದಂತೆ ಒಳಗೇ ಸತ್ವ ಕಳೆದುಕೊಂಡು, ಮೆಲ್ಲಗೆ ಮಡಚಿದರೂ ಹಪ್ಪಳದಂತೆ ಪುಡಿಯಾಗುತ್ತದೆ. ಅಂಥ ಆಟಿಕೆಯನ್ನು ಸಿಕ್ಕ ಭಂಗಿಯಲ್ಲೇ ಇಟ್ಟುಬಿಡಿ.