ಶ್ವಾಸಕೋಶ ಹೊಸದು, ಕಾಲು ಹಳೇದೇ

ಕಾರಿಡಾರಿನಲ್ಲಿ ನಡೆಯುತ್ತಿದ್ದವರು ಇಪ್ಪತ್ತು ಹೆಜ್ಜೆಗೆ ನಿಂತುಬಿಟ್ಟರು. ಗೋಡೆ ಹಿಡಿದುಕೊಂಡರು. ಬೆರಳಿನ ಆಕ್ಸಿಮೀಟರ್ 97 ತೋರಿಸುತ್ತಿತ್ತು, ಅಂದರೆ ರಕ್ತದಲ್ಲಿ ಆಮ್ಲಜನಕ ಸಾಕಷ್ಟಿತ್ತು. "ಆಗ್ತಿಲ್ಲ ಸರ್" ಅಂದರು. "ಎಲ್ಲಿ ಆಗ್ತಿಲ್ಲ, ಎದೆಯಲ್ಲಾ ಕಾಲಲ್ಲಾ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ ತೊಡೆ ಮುಟ್ಟಿ ತೋರಿಸಿದರು.

ಶ್ವಾಸಕೋಶ ಕಸಿ ಆದವರಿಗೆ ಫಿಸಿಯೋಥೆರಪಿ ಮಾಡುವ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಹೊಸ ಶ್ವಾಸಕೋಶ ಗಾಳಿಯನ್ನು ಚೆನ್ನಾಗಿಯೇ ಎಳೆಯುತ್ತಿರುತ್ತದೆ. ಸೋಲುವುದು ಕಾಲು. ಕಸಿಗೆ ಮುಂಚೆ ವರ್ಷಗಟ್ಟಲೆ ಉಸಿರಿಗೆ ಹೆದರಿ ನಡೆದೇ ಇರುವುದಿಲ್ಲ. ಆಮೇಲೆ ಐಸಿಯು ಹಾಸಿಗೆ. ಅದರ ಮೇಲೆ ಔಷಧಿಗಳು: ಸ್ಟೀರಾಯ್ಡ್ ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಸೊರಗಿಸುತ್ತದೆ. ಟ್ಯಾಕ್ರೋಲಿಮಸ್‌ನಂಥ ಮಾತ್ರೆ, ಸ್ನಾಯು ಆಮ್ಲಜನಕ ಬಳಸುವ ಶಕ್ತಿಯನ್ನೇ ಕುಗ್ಗಿಸಬಹುದು. ಹಾಗಂತ ಮಾತ್ರೆ ಬಿಡೋ ಹಾಗಿಲ್ಲ, ಬಿಟ್ಟರೆ ದೇಹ ಹೊಸ ಅಂಗವನ್ನು ತಿರಸ್ಕರಿಸುತ್ತದೆ. ನಮ್ಮ ಕೈಲಿರೋದು ವ್ಯಾಯಾಮ ಒಂದೇ.

ನಾನು ಶುರು ಮಾಡುವುದು ಕುರ್ಚಿಯಿಂದ. ಆಪರೇಷನ್‌ನಲ್ಲಿ ಕತ್ತರಿಸಿದ ಎದೆಯ ಮೂಳೆ ಕೂಡಿಕೊಳ್ಳಲು ಹಲವು ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವುದು, ಕೈಯೂರಿ ಮೇಲೇಳುವುದು ಬೇಡ. ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈಗಳನ್ನು ಎದೆಗೆ ಕಟ್ಟಿಸಿ, "ಏಳುವಾಗ ಉಸಿರು ಬಿಡಿ" ಅನ್ನುತ್ತೇನೆ. ಬಹಳ ಮಂದಿ ಏಳುವಾಗ ಉಸಿರು ಬಿಗಿ ಹಿಡಿಯುತ್ತಾರೆ, ನಿಂತ ಮೇಲೆ ಏದುಸಿರು ಬರುತ್ತದೆ. ಮೊದಲ ದಿನ 5 ಸಲ ಎದ್ದರೆ ಸಾಕು. ನಡಿಗೆಯೂ ಹಾಗೆಯೇ: 2 ನಿಮಿಷ ನಡೆದು, 1 ನಿಮಿಷ ನಿಂತು, ಮತ್ತೆ 2 ನಿಮಿಷ. ಶ್ರಮಕ್ಕೆ 0ಯಿಂದ 10ರ ಬೋರ್ಗ್ ಸ್ಕೇಲ್‌ನಲ್ಲಿ ಅವರೇ ಅಂಕ ಕೊಡಬೇಕು. 4ರ ಆಸುಪಾಸು ಇದ್ದರೆ ಸರಿ. 1 ಅಂದರೆ ಅದು ವ್ಯಾಯಾಮವಲ್ಲ, ಸುಮ್ನೆ ಅಡ್ಡಾಟ.

ಇನ್ನೊಂದು ವಿಷಯ ಯಾರಿಗೂ ಹೊಳೆಯುವುದಿಲ್ಲ. ಕಸಿಯಲ್ಲಿ ಶ್ವಾಸಕೋಶದ ನರಗಳು ಕತ್ತರಿಸಿ ಹೋಗುತ್ತವೆ. ಶ್ವಾಸನಾಳ ಜೋಡಿಸಿದ ಹೊಲಿಗೆಯ ಕೆಳಗೆ ಕಫ ಕೂತರೂ ಕೆಮ್ಮು ತಾನಾಗಿ ಬರುವುದಿಲ್ಲ. ಹಾಗಾಗಿ ಕಫ ಇದೆ ಅನ್ನಿಸದಿದ್ದರೂ ದಿನವೂ ಆಳವಾಗಿ ಉಸಿರೆಳೆದು, ಕನ್ನಡಿಗೆ ಹಬೆ ಹಿಡಿಸುವ ಹಾಗೆ 'ಹಾ' ಅಂತ ಜೋರಾಗಿ ಬಿಡಬೇಕು.

ಒಮ್ಮೆ ನಾನೂ ಎಡವಿದ್ದೇನೆ. ಚೆನ್ನಾಗಿ ನಡೆಯುತ್ತಿದ್ದವರೊಬ್ಬರು ಎರಡು ದಿನ ಹಿಂಜರಿದರು. ಸೋಮಾರಿತನ ಅಂದುಕೊಂಡು ಹುರಿದುಂಬಿಸಿದೆ. ಅದು ಸೋಂಕಾಗಿತ್ತು. ಅಂದಿನಿಂದ ಮೊದಲು ಕೇಳುವುದು, ಮನೆಯಲ್ಲಿ ಊದಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೀಟರ್‌ನ ಅಂಕಿ ಬರೆದಿಟ್ಟ ಪುಸ್ತಕವನ್ನು. ಊದುವ ಅಂಕಿ ಮಾಮೂಲಿಗಿಂತ ಶೇ. 10ರಷ್ಟು ಇಳಿದಿದ್ದರೆ, ಜ್ವರ ಬಂದಿದ್ದರೆ, ಅಥವಾ ನಡೆಯುವಾಗ ಆಕ್ಸಿಜನ್ ಹೊಸದಾಗಿ ಕುಸಿಯುತ್ತಿದ್ದರೆ ವ್ಯಾಯಾಮ ಬಂದ್. ಅದೇ ದಿನ ಕಸಿ ತಂಡಕ್ಕೆ ಫೋನ್. ಹಿಮ್ಮಡಿಯ ಹಿಂದೆ ನೋವು ಬಂದರೂ ಹೇಳಿ. ಸ್ಟೀರಾಯ್ಡ್ ಜೊತೆ ಕೆಲವು ಆಂಟಿಬಯಾಟಿಕ್ ಸೇರಿದರೆ ಅಲ್ಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿಯುವ ಅಪಾಯ ಜಾಸ್ತಿ.

ಆಸ್ಪತ್ರೆಯಿಂದ ಹೋದ ಮೇಲಿನ ಮೊದಲ 3 ತಿಂಗಳು ಬಿಡದೆ ಮಾಡಿಸಿದರೆ ಕಾಲಿಗೆ ಬಲ ಬರುತ್ತದೆ. ನನಗೆ ಅಡ್ಡ ಬರುವುದು ಹೆಚ್ಚಾಗಿ ಮನೆಯವರ ಪ್ರೀತಿ. "ಏಳಬೇಡಿ, ನಾನೇ ತರ್ತೀನಿ" ಅಲ್ವಾ? ಗೋಡೆ ಹಿಡಿದು ನಿಂತವರ ಹೆಂಡತಿಗೆ ಒಂದೇ ಕೆಲಸ ಒಪ್ಪಿಸಿದ್ದೆ: ನೀರಿನ ಬಾಟಲಿಯನ್ನು ಪಕ್ಕದ ಕೋಣೆಯಲ್ಲಿಡಿ. ಮುಂದಿನ ಸಲ ಬಂದಾಗ ಅವರು ನನ್ನ ಮೇಲೆ ಮುನಿಸಿಕೊಂಡಿದ್ದರು. "ದಿನಕ್ಕೆ ಹದಿನೈದು ಸಲ ಎಬ್ಬಿಸ್ತಾಳೆ ಸರ್" ಅಂದರು.